ಉಸಿರು ಬೀಳದ ಬರ್ಫ್

ಹೋದ ವಾರ ಕಮಲಾಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹುಡುಗಿ ಅಮೋನಿಯಾ ಸೀಸೆಯ ಬಿರಡೆ ತೆಗೆದಳು. ಕೈಯಿಂದ ಬೀಸಿಕೊಂಡು ದೂರದಿಂದ ಮೂಸಬೇಕು ಎಂದು ಹತ್ತು ಸಲ ಹೇಳಿದ್ದೆ. ಅವಳು ಮೂಗನ್ನೇ ಸೀಸೆಗೆ ಒಡ್ಡಿ, ಕೆಮ್ಮುತ್ತ ಹಿಂದೆ ಸರಿದಳು. ಕಿಟಕಿ ತೆರೆಸಿ ನೀರು ಕುಡಿಸಿದೆ, ಐದು ನಿಮಿಷದಲ್ಲಿ ಸುಧಾರಿಸಿಕೊಂಡು ನಗತೊಡಗಿದಳು. ನನಗೆ ಮಾತ್ರ ಆ ವಾಸನೆ ಬಿಡಲಿಲ್ಲ.

"ಮೇಡಂ, ಕೆಮ್ಮಿದಾಕಿ ಆಕಿ, ಕಣ್ಣೀರು ನಿಮಗ ಬರಾಕತ್ಯಾವ," ಎಂದ ಹಿಂದಿನ ಸಾಲಿನವನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮೋನಿಯಾ ನಮ್ಮ ಮನೆಯ ವಾಸನೆ. ನಮ್ಮಪ್ಪ ಶರಣಪ್ಪ ಇಪ್ಪತ್ತಾರು ವರ್ಷ ಕಲಬುರಗಿಯ ಸೇಡಂ ರಸ್ತೆಯ ಕಡೆಯ ಒಂದು ಬರ್ಫ್ ಫ್ಯಾಕ್ಟರಿಯಲ್ಲಿ ದುಡಿದ. ಬೆಳಗಿನ ಮೊದಲ ಬಸ್ಸಿಗೆ ಕಮಲಾಪುರ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅವನ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಮನೆಯೆಲ್ಲ ಆ ವಾಸನೆ. ಫ್ಯಾಕ್ಟರಿಯವರು ಅದಕ್ಕೆ ಬರೀ "ಗ್ಯಾಸ್" ಎನ್ನುತ್ತಿದ್ದರು. ನೀರನ್ನು ಬರ್ಫ್ ಮಾಡುವುದೇ ಆ ಗ್ಯಾಸ್. ಅವ್ವ ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಇವರಿಬ್ಬರ ಮಗಳಾದ ನಾನು ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಿದೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಏಳನೇ ಇಯತ್ತೆ ದಾಟಿದವರಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಈಗ ಬರೆಯುವುದು ಆ ಎಂ.ಎಸ್ಸಿ. ಕೊನೆಯ ವರ್ಷದ ಮಾತು. ಅದರಲ್ಲಿ ಜಂಬಪಡುವಂಥದ್ದು ಕಡಿಮೆ.

ಆ ವರ್ಷ ನನ್ನ ಪ್ರಾಜೆಕ್ಟಿಗೆ ಸಿಕ್ಕವರು ದೇಶಪಾಂಡೆ ಮೇಡಂ. ವಯಸ್ಸಿನಲ್ಲಿದ್ದಾಗ ಕಡಲ ದಂಡೆಯ ಊರೊಂದರ ಹಿಮ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದವರು. ಭೂಮಿಯ ದಕ್ಷಿಣ ತುದಿಯಿಂದ ಹಡಗಿನಲ್ಲಿ ಬಂದ ಬರ್ಫಿನ ಕಂಬಗಳನ್ನು ಕೈಯಾರೆ ಕೊಯ್ದವರು. ಮೊದಲ ದಿನವೇ ಹಲಗೆಯ ಮೇಲೆ ಒಂದು ಉದ್ದನೆಯ ಗೆರೆ ಎಳೆದು ವಿವರಿಸಿದ್ದರು. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಈ ವರ್ಷದ ಹಿಮದ ಮೇಲೆ ಮುಂದಿನ ವರ್ಷದ್ದು ಬೀಳುತ್ತದೆ, ಅದರ ಮೇಲೆ ಮತ್ತೊಂದು ವರ್ಷದ್ದು. ಹಿಮದ ಹುಡಿಯ ಸಂದಿಯಲ್ಲಿ ಆಯಾ ಕಾಲದ ಗಾಳಿ ಇರುತ್ತದೆ. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿ ಒತ್ತಿ ಗಟ್ಟಿಯಾದಾಗ ಸಂದಿಗಳು ಮುಚ್ಚಿ, ಗಾಳಿ ಗುಳ್ಳೆಯಾಗಿ ಒಳಗೇ ಉಳಿಯುತ್ತದೆ. ಆಳಕ್ಕೆ ಕೊರೆದು ಕಂಬ ತೆಗೆದರೆ, ಎಂಟು ಲಕ್ಷ ವರ್ಷದ ಹಿಂದಿನ ಗಾಳಿಯವರೆಗೂ ಹೋಗಬಹುದು. ಆ ಗುಳ್ಳೆಗಳಿಂದಲೇ ಗೊತ್ತಾಗಿದ್ದು, ಕಾರ್ಖಾನೆಗಳು ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನೂರ ಎಂಬತ್ತರ ಆಸುಪಾಸು ಇತ್ತು ಎಂದು. ಈಗ ನಾನೂರ ಇಪ್ಪತ್ತು ದಾಟಿದೆ.

"ಓದೋದು ಹ್ಯಾಂಗ್ರೀ ಮೇಡಂ, ಕರಗಿಸಿದ್ರ ಗಾಳಿ ಹೊರಗ ಬರ್ತದಲ್ಲ?" ಎಂದು ಕೇಳಿದ್ದೆ.

"ಕರಗಿಸಿದಿ ಅಂದ್ರ ಕೆಡ್ತು. ಆ ಗ್ಯಾಸು ನೀರಿನ್ಯಾಗ ಕರಗ್ತದ, ಬ್ಯಾರೆ ಬ್ಯಾರೆದ್ದರ ಜೋಡಿ ಸೇರ್ತದ. ಗಾಳಿ ತೆಗೆದ ಡಬ್ಬಿಯೊಳಗ, ತಣ್ಣಗಿದ್ದಾಗನ ಪುಡಿ ಮಾಡಬೇಕು. ಗುಳ್ಳಿ ಒಡೀಬೇಕು, ಬರ್ಫ್ ಕರಗಬಾರದು."

ಆ ಪುಡಿಮಾಡುವ ಉಪಕರಣವನ್ನು ನಮ್ಮ ವಿಭಾಗದಲ್ಲೇ ಕಟ್ಟುವುದು ನನ್ನ ಪ್ರಾಜೆಕ್ಟು. ಗ್ಯಾಸ್ ಅಳೆಯುವ ಹಳೆಯ ಯಂತ್ರ ಹೇಗೂ ಇತ್ತು. ಮೊದಲು ನಾವೇ ಗಾಳಿ ತುಂಬಿದ ಬರ್ಫ್ ಮಾಡಿ, ಅದನ್ನು ಒಡೆದು, ಹೊರಗಿನ ಗಾಳಿಯ ಅಂಕಿ ಸರಿಯಾಗಿ ಬರುತ್ತದೆಂದು ತೋರಿಸಬೇಕು. ಮೇ ಕೊನೆಯೊಳಗೆ ತೋರಿಸಿದರೆ ಆ ಹಿಮ ಪ್ರಯೋಗಾಲಯದಲ್ಲಿ ನನಗೊಂದು ಸಹಾಯಕಿಯ ಜಾಗ ಕೊಡುವುದಾಗಿ ಮೇಡಂ ಅವರ ಹಳೆಯ ಸಹೋದ್ಯೋಗಿ ಬರೆದಿದ್ದರು. ಕಲಬುರಗಿ ದಾಟಿ ಎಲ್ಲಿಗೂ ಹೋಗದವಳಿಗೆ ಆ ಪತ್ರ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಿಲ್ಲ.

"ಆದ್ರ ಬರ್ಫ್ ಒತ್ತಿ ಮೂರು ವಾರ ಇಡಲಿಕ್ಕೆ ತಣ್ಣನ ಜಾಗ ಬೇಕಲ್ಲ, ಭಾಗ್ಯಾ. ನಮ್ಮ ಫ್ರಿಜ್ಜು ಕರೆಂಟ್ ಹೋದ್ರ ಹೋತು," ಎಂದರು ಮೇಡಂ.

ಅಲ್ಲಿಯವರೆಗೂ ಆ ವಿಭಾಗದಲ್ಲಿ ಅಪ್ಪ "ಪ್ರೈವೇಟ್ ಕಂಪನ್ಯಾಗ ಇದ್ದಾರ" ಎಂದು ಹೇಳಿಕೊಂಡು ಬಂದಿದ್ದೆ. ಆ ದಿನ ಮೊದಲ ಸಲ ಬಾಯಿಬಿಟ್ಟೆ. "ನಮ್ಮಪ್ಪ ಬರ್ಫ್ ಫ್ಯಾಕ್ಟರ್ಯಾಗ ಆಪರೇಟರ್ ಇದ್ದಾನ್ರೀ."

"ಅಗಬಾಯಿ! ಮನ್ಯಾಗ ವಿದ್ವಾಂಸರನ್ನ ಇಟ್ಕೊಂಡು ನನ್ನ ಕೇಳಾಕತ್ತೀಯಲ್ಲ," ಎಂದರು ಮೇಡಂ. ಅವರು ಕುಚೋದ್ಯ ಮಾಡಿದ್ದಲ್ಲ. ಆ ಮಾತನ್ನು ಅಂದೇ ಅಪ್ಪನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ಅವ್ವನ ಮುಖ ನೋಡಿದ.

ಫ್ಯಾಕ್ಟರಿಯಲ್ಲಿ ಅಪ್ಪನ ಜೊತೆಗಾರ ಖಾಜಾ ಚಾಚಾ. ಬಿಸಿಲುಗಾಲದಲ್ಲಿ ಸಂಜೆ ಕೋಟೆಯ ಹತ್ತಿರ, ಬರ್ಫ್ ಹೆರೆದು ಬಣ್ಣದ ಪಾಕ ಹಾಕಿ ಕೊಡುವ ಗೋಲಾ ಗಾಡಿ ನಿಲ್ಲಿಸುತ್ತಿದ್ದ, ಹಗಲು ಲಾದಿ ಹೊರುತ್ತಿದ್ದ. ಲಾದಿ ಎಂದರೆ ಆಳೆತ್ತರದ ಬರ್ಫಿನ ತುಂಡು. ನಾನು ಧ್ರುವದ ಬರ್ಫಿನ ಕಥೆ ಹೇಳಿದಾಗ ಅವನು ನೆಲಕ್ಕೆ ಕೂತು ನಕ್ಕ.

"ಎಂಟ್ ಲಾಖ್ ಸಾಲ್ ಕಾ ಬರ್ಫ್! ನಮ್ದು ಜಗತ್ ಸರ್ಕಲ್ ಮುಟ್ಟೋದ್ರಾಗ ಅರ್ಧಾ ಪಾನಿ ಆಗ್ತದ ಬೇಟಿ. ಅಲ್ಲಿ ಆಪರೇಟರ್ ಯಾರು, ಕೇಳಿ ಬಾ. ಶರಣಪ್ಪಗ ಅವನ ಕಡೆ ಟ್ರೇನಿಂಗ್ ಕೊಡಸೂಣು."

ಅಪ್ಪ ನಗಲಿಲ್ಲ. ಯೋಚಿಸಿ ಕೇಳಿದ. "ಹಂಗಾದ್ರ ಗಾಳಿ ಬರ್ಫಿನಕಿಂತ ಸಣ್ಣ ವಯಸ್ಸಿಂದು ಆಗಬೇಕಲ್ಲವ್ವಾ. ಹಿಮ ಮದಲ ಬೀಳ್ತದ, ಬಾಯಿ ಆಮ್ಯಾಲ ಮುಚ್ತದ. ಮುಚ್ಚೋತನಕ ಗಾಳಿ ಆಡತಿರ್ತದ."

ಮೇಡಂ ಮೂರನೆಯ ಪಾಠದಲ್ಲಿ ಹೇಳಿದ್ದು ಅದನ್ನೇ. ಏಳನೇ ಇಯತ್ತೆಯ ಅಪ್ಪ ಅದನ್ನು ತಾನೇ ಕಂಡುಕೊಂಡಿದ್ದ. ಬರೀ ನೀರನ್ನು ಹೆಪ್ಪುಗಟ್ಟಿಸಿ ಸಿಗುವ ಗುಳ್ಳೆ ಬೇಡ, ಅದು ನೀರಿನ ಹೊಟ್ಟೆಯ ಗಾಳಿ, ಹೊರಗಿನದಲ್ಲ ಎಂದು ನಾನು ಹೇಳಿದಾಗ ದಾರಿ ತೋರಿಸಿದವನೂ ಅವನೇ. "ಹಿಮ ಇಲ್ಲಂದ್ರೇನಾತು, ಗೋಲಾ ಅದಲ್ಲ," ಎಂದ.

ಹಾಗೆ ನಮ್ಮ ಕೆಲಸ ಶುರುವಾಯಿತು. ಬೆಳಕು ಹರಿಯುವಾಗ, ಫ್ಯಾಕ್ಟರಿಯ ಹಿಂದೆ ಲಾರಿಗೆ ಲಾದಿ ಏರಿಸುವ ಬಯಲು ಕಟ್ಟೆಯ ಮೇಲೆ, ಗುಳ್ಳೆ ಇಲ್ಲದ ತಿಳಿ ಲಾದಿಯನ್ನು ಖಾಜಾ ಚಾಚಾ ತನ್ನ ಗೋಲಾ ಹೆರೆಯುವ ರಂದಾದ ಮೇಲೆ ಉಜ್ಜುವುದು. ಕೆಳಗೆ ಉಪ್ಪು ಬರ್ಫಿನ ತೊಟ್ಟಿಯಲ್ಲಿ ನಿಲ್ಲಿಸಿದ ಉಕ್ಕಿನ ಉರುಟು ಡಬ್ಬಿಗೆ ಹುಡಿ ಬೀಳುವುದು. ಅಪ್ಪ ಡಬ್ಬಿಯ ಮೇಲೆ ಬಗ್ಗಿ, ಬಡಿಗೆಯಿಂದ ಪದರು ಪದರಾಗಿ ಜಡಿಯುವುದು. ತುಂಬಿದ ಮೇಲೆ ಲಾರಿಯ ಜಾಕಿನಿಂದ ಒತ್ತಿ, ಬಾಯಿ ಮುಚ್ಚಿ, ಲಾದಿ ಕಟ್ಟುವ ಉಪ್ಪುನೀರಿನ ಟ್ಯಾಂಕಿನ ಒಂದು ಮೂಲೆಯಲ್ಲಿ ಮೂರು ವಾರ ಇಳಿಬಿಡುವುದು. ಅದೇ ಹೊತ್ತಿನಲ್ಲಿ ನಾನು ಗಾಳಿ ಬೀಸುವ ಕಡೆ ನಿಂತು ಒಂದು ಗಾಜಿನ ಸೀಸೆಗೆ ಹೊರಗಿನ ಗಾಳಿ ಹಿಡಿಯುತ್ತಿದ್ದೆ. ಸೀಸೆಯ ಅಂಕಿ, ಬರ್ಫಿನ ಅಂಕಿ ಒಂದೇ ಆದರೆ ನಾನು ಗೆದ್ದಂತೆ.

ಮೊದಲ ಡಬ್ಬಿಯನ್ನು ಫೆಬ್ರುವರಿಯಲ್ಲಿ ಒಡೆದೆವು. ಸೀಸೆ ನಾನೂರ ಮೂವತ್ತರ ಹತ್ತಿರ ತೋರಿಸಿತು. ಬರ್ಫ್ ಏಳುನೂರು ದಾಟಿತು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಡಬ್ಬಿ ಮ್ಯಾಲ ಯಾರ ಮುಖ ಇತ್ತು?"

"ಅಪ್ಪಂದ್ರೀ."

"ಮತ್ತಿನ್ನೇನು. ಮನಷಾನ ಉಸುರಿನ್ಯಾಗ ಈ ಗ್ಯಾಸು ಹೊರಗಿನ ಗಾಳಿಗಿಂತ ನೂರು ಪಟ್ಟು ಇರ್ತದ. ಎರಡು ಉಸುರು ಸಾಕು ಕೆಡಸಲಿಕ್ಕೆ. ಅಲ್ಲಿ ನಮಗ ಮದಲ ಪಾಠನ ಇದು, ಬರ್ಫಿನ ಮುಂದ ಬಾಯಿ ಮುಚ್ಚು ಅಂತ."

ಅಂದು ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು, ಸಿಟ್ಟಿನಿಂದಲೇ ಹೇಳಿದೆ. "ನಿನ್ನ ಉಸುರು ಬಿದ್ದು ಕೆಟ್ಟದ ನೋಡಪ್ಪಾ. ಎಲ್ಲಾ ನೀರಾಗ ಹೋತು."

ಅಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಆಗ ಅಲ್ಲಿ ಯಾವ ಬರ್ಫೂ ಇರಲಿಲ್ಲ, ಬಸ್ಸು ಮಹಾಗಾಂವ ದಾಟುತ್ತಿತ್ತು. "ನನಗೇನ ಗೊತ್ತವ್ವಾ," ಎಂದ. ಮತ್ತೆ ಕಮಲಾಪುರ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತ.

ಮಾರ್ಚಿನಲ್ಲಿ ಎರಡನೆಯ ಡಬ್ಬಿ. ಅಪ್ಪ ಹಸಿ ಟವೆಲ್ಲನ್ನು ಮೂಗು ಬಾಯಿಗೆ ಮೂರು ಸುತ್ತು ಸುತ್ತಿಕೊಂಡು ಬಂದ. ಅದೂ ಸಾಲದೆಂದು ಉಸಿರು ಹಿಡಿದ. ಒಂದು ಪದರು ಜಡಿಯುವವರೆಗೆ ಹಿಡಿಯುವುದು, ಹತ್ತು ಹೆಜ್ಜೆ ಆಚೆ ಓಡಿ ಬಿಡುವುದು, ಮತ್ತೆ ಬರುವುದು. ಆ ಚಳಿಗಾಲದಿಂದಲೇ ಅವನಿಗೆ ಕೆಮ್ಮು ಇತ್ತು. ಕೆಮ್ಮು ಬಂದರೆ ಕಟ್ಟೆಯ ಆ ತುದಿಗೆ ಹೋಗಿ, ಗೋಡೆಯ ಕಡೆ ತಿರುಗಿ ಕೆಮ್ಮಿ, ಮುಖ ಒರೆಸಿಕೊಂಡು ಬರುತ್ತಿದ್ದ. ಕಣ್ಣು ಕೆಂಪಾಗಿದ್ದವು.

"ಕ್ಯಾ ಬಾ ಶರಣಪ್ಪ, ಬರ್ಫಿಗೆ ಮಡಿ ಮಾಡಾಕತ್ತಿಯೇನು?" ಎಂದ ಖಾಜಾ ಚಾಚಾ. "ನನ್ನ ಗೋಲಾ ತಿಂದ ಮಂದಿ ಇಷ್ಟ ವರ್ಷ ನನ್ನ ಉಸುರೂ ತಿಂದಾರ. ಯಾರೂ ಕಂಪ್ಲೇಂಟ್ ಮಾಡಿಲ್ಲ."

"ನೀ ಸುಮ್ಮ ಉಜ್ಜೋ ಮಾರಾಯಾ. ಮಗಳ ಡಿಗ್ರಿ ಅದ ಇದ್ರಾಗ," ಎಂದ ಅಪ್ಪ ಟವೆಲ್ಲಿನ ಒಳಗಿಂದ.

ಎರಡನೆಯದು ಎಂಟುನೂರ ಹತ್ತು ಬಂತು. ಮೊದಲನೆಯದಕ್ಕಿಂತ ಹೆಚ್ಚು.

ಇದು ಉಸಿರಲ್ಲ ಎಂದು ನನಗೆ ಅನುಮಾನ ಬಂದದ್ದು ಅಲ್ಲಿ. ಮೇಡಂ ಕೊಟ್ಟ ಹಳೆಯ ಟಿಪ್ಪಣಿಗಳನ್ನು ಮೊದಲಿನಿಂದ ಓದಿದೆ. ಭೂಮಿಯ ಉತ್ತರ ತುದಿಯ ಬರ್ಫಿನಲ್ಲಿ ಈ ಗ್ಯಾಸಿನ ಅಂಕಿಯನ್ನು ನಂಬುವುದಿಲ್ಲ ಎಂದು ಅದರಲ್ಲಿತ್ತು. ಅಲ್ಲಿಯ ಹಿಮದಲ್ಲಿ ಸುಣ್ಣದ ಧೂಳು ಇದೆ, ಆಮ್ಲವೂ ಇದೆ. ಎರಡೂ ಬರ್ಫಿನ ಒಳಗೇ ಕೂಡಿ, ಯಾವ ಕಾಲದ್ದೂ ಅಲ್ಲದ ಹೊಸ ಗ್ಯಾಸು ಹುಟ್ಟಿಸುತ್ತವೆ. ಅದಕ್ಕೇ ಎಲ್ಲರೂ ದಕ್ಷಿಣ ತುದಿಗೆ ಹೋಗುವುದು. ಓದುತ್ತ ಓದುತ್ತ ನನಗೆ ನಮ್ಮ ಮನೆಯ ನೀರು ಕಾಯಿಸುವ ಹಂಡೆ ಕಣ್ಣಿಗೆ ಬಂತು. ಅದರ ಒಳಗೆ ಬೆರಳು ದಪ್ಪ ಬಿಳಿ ಕರೆ. ನಮ್ಮದು ಸುಣ್ಣದ ಕಲ್ಲಿನ ನಾಡು. ಫ್ಯಾಕ್ಟರಿಯ ಲಾದಿಯೂ ಬೋರ್‌ವೆಲ್ಲಿನ ನೀರಿನದೇ. ಸುಣ್ಣ ಸಿಕ್ಕಿತು. ಆಮ್ಲ ಎಲ್ಲಿಂದ?

ಮರುದಿನ ಅಪ್ಪ ಯಂತ್ರದ ಕೋಣೆಯಲ್ಲಿದ್ದಾಗ ಖಾಜಾ ಚಾಚಾನನ್ನು ಕೇಳಿದೆ. "ಚಾಚಾ, ನನ್ನ ಡಬ್ಬಿ ಹ್ಯಾಂಗ ತೊಳೀತೀರಿ?"

"ನಾ ಎಲ್ಲಿ ತೊಳೀತೀನಿ? ಅದಕ್ಕ ನಿಮ್ಮಪ್ಪ ಯಾರಿಗೂ ಕೈ ಹಚ್ಚಗೊಡಂಗಿಲ್ಲ. ನಮ್ಮ ಲಾದಿ ಕಟ್ಟೋ ಕ್ಯಾನಿಗೆ ಕರೆ ಹತ್ತಿದ್ರ ವರ್ಷಕ್ಕ ಒಮ್ಮೆ ತೇಜಾಬ್ ಹಾಕಿ ತಿಕ್ತೀವಿ. ನಿನ್ನ ಡಬ್ಬೀನ ಪ್ರತಿ ಸಲಾ ತಿಕ್ಕಾಕತ್ಯಾನ. ರಂದಾ ಬ್ಲೇಡೂ ಬಿಟ್ಟಿಲ್ಲ. ಹೋದ ಸಲ ಎರಡೆರಡು ಸರ್ತಿ. ಕನ್ನಡಿ ಆಗ್ಯಾದ, ನೋಡು ಹೋಗು."

ತೇಜಾಬ್ ಎಂದರೆ ಆಸಿಡ್. ಮಗಳ ಬರ್ಫಿಗೆ ಹೊಲಸು ತಾಗಬಾರದೆಂದು ಅವನು ಫ್ಯಾಕ್ಟರಿಯವರು ಸ್ವಚ್ಛ ಎಂದು ತಿಳಿದದ್ದರಲ್ಲಿ ಅತಿ ಸ್ವಚ್ಛವಾದದ್ದನ್ನು ಮಾಡಿದ್ದ. ತೊಳೆದ ಮೇಲೆ ಉಳಿದ ಆಸಿಡ್ಡಿನ ಪಸೆ, ಲಾದಿಯ ಸುಣ್ಣ, ಮೂರು ವಾರ ಒಂದೇ ಡಬ್ಬಿಯಲ್ಲಿ. ಅವನು ಉಸಿರು ಹಿಡಿದದ್ದಕ್ಕೂ ಅಂಕಿಗೂ ಸಂಬಂಧವೇ ಇರಲಿಲ್ಲ.

ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಆ ನಿಮಿಷವನ್ನು ನಾನು ಬಹಳ ಸಲ ಹಿಂದಿರುಗಿ ನೋಡಿದ್ದೇನೆ.

"ಅಪ್ಪಾ, ಈ ಸಲ ಲಾದಿ ಬ್ಯಾಡ. ಡಿಪಾರ್ಟ್‌ಮೆಂಟಿನಿಂದ ಭಟ್ಟಿ ಇಳಿಸಿದ ನೀರು ತರ್ತೀನಿ. ಅದ್ರಲೇ ಬರ್ಫ್ ಕಟ್ಟೂಣು. ಡಬ್ಬೀನೂ ನೀ ತೊಳೀಬ್ಯಾಡ. ಡಬ್ಬಿ, ರಂದಾ ಎಲ್ಲಾ ನಾನೇ ತೊಳ್ಕೊಂಡು ಬರ್ತೀನಿ."

"ಯಾಕ? ಹೊಲಸ ಉಳೀತಿತ್ತೇನು?"

"ಇಲ್ಲ. ಮೇಡಂ ಹಂಗ ಹೇಳ್ಯಾರ."

ಅವನು ತಲೆಯಾಡಿಸಿದ. ಆಮೇಲೆ ಕೇಳಿದ. "ಮತ್ತ ಉಸುರು?"

ನಿನ್ನ ಉಸಿರಿನದು ತಪ್ಪಿಲ್ಲ ಎಂದರೆ, ಹಾಗಾದರೆ ಯಾರದು ಎಂದು ಕೇಳುತ್ತಾನೆ. ನೀನು ಅಷ್ಟು ಮುತುವರ್ಜಿಯಿಂದ ತೊಳೆದದ್ದೇ ಕೆಡಿಸಿತು ಎನ್ನಬೇಕಾಗುತ್ತದೆ. ಅದು ಒಂದು ಕಾರಣ, ಅದನ್ನು ನಾನು ಯಾರ ಮುಂದಾದರೂ ಹೇಳಬಲ್ಲೆ. ಇನ್ನೊಂದಿತ್ತು. ಇದು ಕೊನೆಯ ಡಬ್ಬಿ, ಮೇ ಹತ್ತಿರ ಬಂದಿದೆ. ಟವೆಲ್ಲು ಬಿಚ್ಚಿ ಸಡಿಲಾದರೆ ಈ ಸಲ ನಿಜವಾಗಿಯೇ ಉಸಿರು ಬಿದ್ದು ಕೆಡಬಹುದು. ಅವನು ಹೆದರಿಕೊಂಡಿರುವುದೇ ನನಗೆ ಅನುಕೂಲವಾಗಿತ್ತು.

"ಉಸುರು ಬಿಡಬ್ಯಾಡ," ಎಂದೆ.

ಏಪ್ರಿಲ್ಲಿನ ಮೂರನೆಯ ಡಬ್ಬಿಯನ್ನು ಅವನು ಜಡಿದದ್ದು ನನ್ನ ಕಣ್ಣೆದುರಿಗಿದೆ. ಆಗಲೇ ಬೆಳಗ್ಗೆ ಆರಕ್ಕೆ ಸೆಕೆ. ರಂದಾದಿಂದ ಹುಡಿ ಬೀಳುತ್ತಿದ್ದಂತೆ ಅಂಚು ಕರಗತೊಡಗುತ್ತಿತ್ತು, ಕೈ ಬೇಗ ನಡೆಯಬೇಕಿತ್ತು. ಅಪ್ಪ ಹಿಡಿದ ಉಸಿರಿನಲ್ಲಿ ಎರಡೆರಡು ಪದರು ಜಡಿದ. ಕುತ್ತಿಗೆಯ ನರ ಉಬ್ಬಿ ನಿಂತಿದ್ದವು. ಖಾಜಾ ಚಾಚಾ ಕೂಡ ಆ ದಿನ ತಮಾಷೆ ಮಾಡಲಿಲ್ಲ. ಡಬ್ಬಿ ಟ್ಯಾಂಕಿಗೆ ಇಳಿದ ಮೇಲೆ ಅಪ್ಪ ಟವೆಲ್ಲು ಬಿಚ್ಚಿ, ಕಟ್ಟೆಗೆ ಆನಿಸಿ ಕೂತು, ಬಹಳ ಹೊತ್ತು ಬಾಯಿ ತೆರೆದು ಗಾಳಿ ಎಳೆದುಕೊಂಡ. "ಈಗ ರೂಢಿ ಆಗ್ಯಾದವ್ವಾ. ನೂರು ಎಣಸೋತನಕ ಹಿಡೀತೀನಿ," ಎಂದ. ಆ ವಯಸ್ಸಿನವನು ಹೊಸದೊಂದು ಕಲಿತೆನೆಂದು ಖುಷಿಯಾಗಿದ್ದ.

ಮೂರು ವಾರ ತುಂಬಲು ನಾಲ್ಕು ದಿನ ಇರುವಾಗ ಫ್ಯಾಕ್ಟರಿಯಲ್ಲಿ ಅಮೋನಿಯಾ ಗ್ಯಾಸ್ ಸೋರಿತು.

ನಾನು ಅಲ್ಲಿರಲಿಲ್ಲ. ಖಾಜಾ ಚಾಚಾ ಹೇಳಿದ್ದಷ್ಟೇ ಗೊತ್ತು. ಮಧ್ಯಾಹ್ನ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡಿತು. ಯಂತ್ರದ ಕೋಣೆಯ ಹಳೆಯ ಪೈಪಿನ ಜೋಡಣೆಯೊಂದು ಬಿಟ್ಟಿತು. ಎಲ್ಲರೂ ಹೊರಗೆ ಓಡಿದರು. ಮುಖಕ್ಕೆ ಹಾಕುವ ಮಾಸ್ಕು ಮಾಲೀಕರ ಆಫೀಸಿನ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗ. ಗೋಡೆಯಾಚೆ ಮನೆಗಳಿದ್ದವು. ಗ್ಯಾಸ್ ನಿಲ್ಲಬೇಕಾದರೆ ಪೈಪಿನ ಎರಡು ವಾಲ್ವ್ ಮುಚ್ಚಬೇಕಿತ್ತು. ಅಪ್ಪ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡ.

"ನಕ್ಕೊ ಜಾ, ಹೋಗಬ್ಯಾಡ ಅಂದೆ ಬೇಟಿ. ಕೈ ಹಿಡಿದೆ. 'ಬಿಡೋ, ದಮ್ಮು ಹಿಡಿಯೋದು ನನಗ ಗೊತ್ತದ' ಅಂದ. ಒಂದು ವಾಲ್ ಬಂದ್ ಮಾಡಿ ಹೊರಗ ಬಂದ, ನಿಂತ ನಿಂತಲ್ಲೇ ದಮ್ಮು ತಗೊಂಡ, ಮತ್ತ ಹೋದ. ಎರಡನೇದ್ದು ಬಿಗೀ ಇತ್ತು. ಬಂದ್ ಆತು. ಆದ್ರ ಅವನ ದಮ್ಮು ಒಳಗನ ಮುಗೀತು."

ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಇಟ್ಟಿದ್ದರು. ಕಣ್ಣಿಗೆ ಪಟ್ಟಿ, ಮುಖಕ್ಕೆ ಆಕ್ಸಿಜನ್. ಗಂಟಲು ಒಳಗೆ ಸುಟ್ಟಿದೆ, ಎದೆ ಊದಿಕೊಂಡಿದೆ, ಈಗಲೇ ಏನೂ ಹೇಳುವುದಕ್ಕಾಗುವುದಿಲ್ಲ ಎಂದರು ಡಾಕ್ಟರು. ಅವ್ವ ಬಸ್ ನಿಲ್ದಾಣದ ಬುಟ್ಟಿಯನ್ನು ಯಾರಿಗೋ ಒಪ್ಪಿಸಿ, ಉಟ್ಟ ಸೀರೆಯಲ್ಲೇ ಬಂದು ಮಂಚದ ಕಾಲ ಹತ್ತಿರ ಕೂತಳು. ಎರಡನೆಯ ದಿನ ಕಣ್ಣಿನ ಪಟ್ಟಿ ತೆಗೆದರು. ಅಪ್ಪ ನನ್ನನ್ನು ಗುರುತು ಹಿಡಿದ. ಮಾತು ಗರಗಸ ಎಳೆದಂತೆ ಬರುತ್ತಿತ್ತು.

"ನಿನ್ನ ಬರ್ಫಿನ ಸಲುವಾಗಿ ರೂಢಿ ಆಗಿತ್ತಲ್ಲ... ಮದಲನೇ ವಾಲು ಒಂದ ದಮ್ಮಿಗೆ ಆತು ನೋಡು."

ಅವ್ವ, "ಮಾತಾಡಬ್ಯಾಡ್ರಿ, ಸುಮ್ಮನ ಮಕ್ಕೋರ್ರಿ," ಎಂದಳು.

ಮೂರನೆಯ ದಿನ ಬೆಳಗ್ಗೆ ಖಾಜಾ ಚಾಚಾ ಆಟೋದಲ್ಲಿ ಬಂದ. ತೋಳಿನಲ್ಲಿ ಗೋಣಿಚೀಲ ಸುತ್ತಿದ ಗಂಟು, ಒಳಗೆ ಕಟ್ಟಿಗೆ ಹೊಟ್ಟು. ಫ್ಯಾಕ್ಟರಿಗೆ ಬೀಗ ಜಡಿದಿದ್ದರು. ಯಂತ್ರ ನಿಂತು ಟ್ಯಾಂಕಿನ ಉಪ್ಪುನೀರು ನಿಧಾನಕ್ಕೆ ಬಿಸಿಯಾಗತೊಡಗಿತ್ತು. ಕಾವಲಿನವನನ್ನು ಒಪ್ಪಿಸಿ ಒಳಗೆ ಹೋಗಿ ನನ್ನ ಡಬ್ಬಿ ತಂದಿದ್ದ.

"ಲಾದಿ ಎಲ್ಲಾ ಅಂಚು ಬಿಟ್ಟಾವ ಬೇಟಿ. ಇದಿನ್ನೂ ಗಟ್ಟಿ ಅದ. ಇವತ್ತ ಒಂದ ದಿನ. ಏನ್ ಮಾಡ್ಕೋತಿ ಮಾಡ್ಕೋ."

ಆ ಡಬ್ಬಿ ನನಗೆ ಬೇಡವಾಗಿತ್ತು. ಒಯ್ದು ಚರಂಡಿಗೆ ಸುರುವಿ ಬಾ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಚಾಚಾ, ಇನ್ನೂ ಗಟ್ಟಿ ಇದೆಯೆಂದು ತೋರಿಸಲು, ಗಂಟನ್ನು ಮಂಚದ ಅಂಚಿಗಿಟ್ಟು ಗೋಣಿ ಬಿಚ್ಚಿದ. ಉಕ್ಕಿನ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು.

ಅಪ್ಪ ಅದನ್ನು ನೋಡಿದ. ನೋಡಿ, ಆಕ್ಸಿಜನ್ ಮಾಸ್ಕಿನ ಮೇಲೆ ಹೊದಿಕೆ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವನ ಎದೆ ಏರುವುದು ನಿಂತಿತು. ಉಸಿರು ಹಿಡಿದಿದ್ದ.

"ಏನ ಮಾಡಾಕತ್ತೀರಿ!" ಎಂದು ಅವ್ವ ಕೂಗಿ ಹೊದಿಕೆ ಕಿತ್ತಳು. ನಾನು ಡಬ್ಬಿ ಎತ್ತಿಕೊಂಡು ಹಿಂದೆ ಸರಿದೆ. ಅಪ್ಪ ಕೆಮ್ಮಿದ, ಕೈಯೆತ್ತಿ ಬಾಗಿಲ ಕಡೆ ತೋರಿಸಿದ. ಹೋಗು, ಹೋಗು ಎಂದು ಎರಡು ಸಲ.

ಹೋದೆ. ಮೇಡಂ ವಿಷಯ ಕೇಳಿ, "ಇವತ್ತ ಬ್ಯಾಡ ಭಾಗ್ಯಾ, ತಂದೆ ಹತ್ರ ಇರು," ಎಂದರು. ಬರ್ಫ್ ಸಂಜೆಯವರೆಗೆ ಉಳಿಯುವುದಿಲ್ಲ ಎಂದೆ. ಅವರು ಗಾಳಿ ಎಳೆಯುವ ಪಂಪು ಹಾಕಿದರು. ಡಬ್ಬಿಯ ನಡುವಿನಿಂದ ಕರಗದ ತಿರುಳನ್ನು ಗರಗಸದಿಂದ ಕೊಯ್ದು ಬೆಳಕಿಗೆ ಹಿಡಿದೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒತ್ತೊತ್ತಾಗಿದ್ದವು. ಉಕ್ಕಿನ ಪಾತ್ರೆಗೆ ಹಾಕಿ, ಗಾಳಿ ಎಳೆದು, ಬಿಗಿಯಾಗಿ ಮುಚ್ಚಿ, ಅಲುಗಿಸತೊಡಗಿದೆವು. ಒಳಗೆ ಉಕ್ಕಿನ ಗುಂಡು ಬರ್ಫಿಗೆ ಬಡಿಯುವ ಸದ್ದು. ನಾವಿಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಪಾತ್ರೆ ಮುಚ್ಚಿದ ಮೇಲೆ ಅದರ ಅಗತ್ಯವಿಲ್ಲ, ಆದರೂ ಯಾರೂ ಬಿಚ್ಚಲಿಲ್ಲ.

ಸೀಸೆಯ ಗಾಳಿ ನಾನೂರ ಮೂವತ್ತೊಂದು. ಬರ್ಫಿನ ಗಾಳಿ ನಾನೂರ ಮೂವತ್ನಾಲ್ಕು.

ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಇಷ್ಟು ಶುದ್ಧ ನಾವು ಆ ಹಿಮದ ಲ್ಯಾಬಿನ್ಯಾಗೂ ಮಾಡಿದ್ದಿಲ್ಲ," ಎಂದರು.

ಆಸ್ಪತ್ರೆಗೆ ಮರಳಿದಾಗ ಹೊರಗೆ ಸಂಜೆಯ ಬಿಸಿಗಾಳಿ. ಅಪ್ಪ ಎಚ್ಚರವಿದ್ದ. ಹುಬ್ಬು ಎತ್ತಿ ಕೇಳಿದ.

"ಸರಿ ಬಂತಪ್ಪಾ," ಎಂದೆ. "ನಿನ್ನ ಉಸುರು ಒಂಚೂರೂ ಬಿದ್ದಿಲ್ಲ."

ಅವನ ಮುಖ ಅರಳಿತು. ಆ ಸ್ಥಿತಿಯಲ್ಲಿ ಅರಳುವುದು ಎಷ್ಟು ಸಾಧ್ಯವೋ ಅಷ್ಟು. ಸ್ವಲ್ಪ ಹೊತ್ತಿಗೆ ಮಾಸ್ಕನ್ನು ಸರಿಸಿ ಅಂದ. "ಮದಲಿನ ಎರಡು... ನಾನೇ ಕೆಡಿಸಿದೆ ನೋಡವ್ವಾ. ಸಿಟ್ಟ ಆಗಬ್ಯಾಡ."

ಹೇಳಬೇಕಿತ್ತು. ನರ್ಸ್ ಬರಲಿಲ್ಲ, ಯಾರೂ ಅಡ್ಡ ಬರಲಿಲ್ಲ. ನಾನೇ ಹೇಳಲಿಲ್ಲ. "ಇರಲಿ ಬಿಡಪ್ಪಾ," ಎಂದೆ, ಕ್ಷಮಿಸಿದವಳ ಹಾಗೆ. ಮಾಸ್ಕನ್ನು ಅವನ ಮುಖಕ್ಕೆ ಸರಿಯಾಗಿ ಕೂಡಿಸಿದೆ. ಆರನೆಯ ದಿನ ಅವನು ಹೋದ.

ನನಗೆ ಮೊದಲ ದರ್ಜೆ ಬಂತು. ಆ ಕಡಲ ದಂಡೆಯ ಊರಿನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದೆ. ಮೈ ಕೊರೆಯುವ ತಣ್ಣನೆಯ ಕೋಣೆಯಲ್ಲಿ ಸಾವಿರಾರು ವರ್ಷದ ಹಿಂದಿನ ಬರ್ಫನ್ನು ಕೈಯಲ್ಲಿ ಹಿಡಿದೆ, ಒಡೆದೆ, ಓದಿದೆ. ಅಲ್ಲಿ ಎಲ್ಲರಿಗೂ ಮುಖಕ್ಕೆ ಹಾಕಲು ಹೊಸ ಮಾಸ್ಕು ಕೊಡುತ್ತಿದ್ದರು, ದಿನಾ ಒಂದು, ಬಾಗಿಲಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರು. ಬರ್ಫಿನ ಸಲುವಾಗಿ. ಒಪ್ಪಂದ ಮುಗಿದ ಮೇಲೆ ಪರೀಕ್ಷೆ ಬರೆದು ಉಪನ್ಯಾಸಕಿಯಾಗಿ ಕಮಲಾಪುರಕ್ಕೇ ಬಂದೆ. ಅವ್ವ ಈಗಲೂ ಬಸ್ ನಿಲ್ದಾಣಕ್ಕೆ ಹೋಗುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಫ್ಯಾಕ್ಟರಿಯ ಜಾಗದಲ್ಲಿ ಮದುವೆ ಮಂಟಪ ಎದ್ದಿದೆ.

ಆ ಹುಡುಗಿ ಕೆಮ್ಮಿದ ದಿನ ಮನೆಗೆ ಬಂದು ಟ್ರಂಕು ತೆಗೆದೆ. ಕಟ್ಟಿಸಿದ ಪ್ರಾಜೆಕ್ಟ್ ಪುಸ್ತಕದಲ್ಲಿ ಒಂದೇ ಅಂಕಿ ಇದೆ, ಸರಿ ಬಂದದ್ದು. ನಾನೂರ ಮೂವತ್ನಾಲ್ಕು. ಅದು ಅಷ್ಟು ಸರಿಯಾಗಿ ಬಂದಿದೆ ಎಂದರೆ ಅದರಲ್ಲಿ ಆ ಏಪ್ರಿಲ್ಲಿನ ಬೆಳಗಿನ ಗಾಳಿ ಇದೆ, ಲಾರಿಯ ಹೊಗೆ ಒಂದಿಷ್ಟು ಇರಬಹುದು, ಅಪ್ಪ ಮಾತ್ರ ಇಲ್ಲ. ಪುಸ್ತಕದ ಕೆಳಗೆ ರಫ್ ನೋಟಿತ್ತು. ಅದರಲ್ಲಿ ಪೆನ್ಸಿಲ್ಲಿನಿಂದ ಬರೆದು, ಅಡ್ಡ ಗೆರೆ ಹೊಡೆದ ಎರಡು ಅಂಕಿಗಳಿವೆ. ಏಳುನೂರ ಆರು. ಎಂಟುನೂರ ಹತ್ತು. ಅವುಗಳಲ್ಲಿ ಹೆಚ್ಚಿಗೆ ಬಂದದ್ದೆಲ್ಲ ಅವನು ಕೂತು ತಿಕ್ಕಿದ ಡಬ್ಬಿಯದು.

ಪೆನ್ಸಿಲ್ಲಿನ ಗೆರೆ ಮಾಸಿತ್ತು. ರಬ್ಬರಿನಿಂದ ಅಡ್ಡ ಗೆರೆಗಳನ್ನು ಮೆಲ್ಲಗೆ ಅಳಿಸಿ, ಆ ಎರಡೂ ಅಂಕಿಗಳನ್ನು ಇದ್ದ ಹಾಗೇ ಪೆನ್ನಿನಿಂದ ಮತ್ತೆ ಬರೆದೆ.